ಮಂಚದ ಮೇಲಿನಿಂದ ಬಂದ ಉತ್ತರ

ಡಾಕ್ಟರಾಗಲಿರುವ ಮಕ್ಕಳೆಲ್ಲ ಕೊನೆಯ ಪರೀಕ್ಷೆಗೆಂದು ಒಳಗೆ ಕಂಪ್ಯೂಟರುಗಳ ಮುಂದೆ ಕೂತಿದ್ದರು. ಹೊರಗಿನ ಬೆಂಚಿನ ಮೇಲೆ ಒಬ್ಬ ಅಜ್ಜ, ಒಬ್ಬ ನರೆಗೂದಲಿನ ಡಾಕ್ಟರು. ಗೇಟಿನ ಕಾವಲುಗಾರನಿಗೆ ಬೇಡವೆಂದರೂ ಅವರ ಮಾತು ಕಿವಿಗೆ ಬೀಳುತ್ತಿತ್ತು.

“ನಮ್ಮ ಕಾಲದಲ್ಲಿ ಪರೀಕ್ಷೇಲಿ ನಿಜವಾದ ರೋಗೀನೇ ಮುಂದೆ ಮಲಗಿಸಿ, ಏನು ಕಾಯಿಲೆ ಅಂತ ಕೇಳೋರು,” ಎಂದರು ಡಾಕ್ಟರು.

“ಗೊತ್ತು ಬಿಡಿ. ಹಾರ್ಟಿನ ವಾಲ್ವು ಸೋರುತ್ತೆ ಅಂತ ವರ್ಷಾ ವರ್ಷಾ ನನ್ನನ್ನೇ ಮಲಗಿಸ್ತಿದ್ರು.”

“ದೊಡ್ಡಾಸ್ಪತ್ರೇಲಾ? ಕಿಟಕಿ ಪಕ್ಕದ ಮಂಚ?”

“ಹೂಂ, ಅದೇ.”

“ನನ್ನ ಪರೀಕ್ಷೆ ದಿನ ಭಯಕ್ಕೆ ನನಗೆ ಎದೆಯ ಸದ್ದು ಏನೂ ಕೇಳಿಸಿರ್ಲಿಲ್ಲ. ಮಂಚದ ಮೇಲಿದ್ದೋರೇ ಪಿಸುಗುಟ್ಟಿದ್ರು, ‘ವಾಲ್ವು ಸೋರ್ತಿದೆ ಮರಿ’ ಅಂತ.”

“ಕೈ ನಡುಗೋರಿಗೆಲ್ಲ ಹೇಳ್ತಿದ್ದೆ.”

ಡಾಕ್ಟರು ಎದ್ದರು. “ಕಾರಲ್ಲಿ ಸ್ಟೆತಾಸ್ಕೋಪ್ ಇದೆ, ಬನ್ನಿ ಯಜಮಾನ್ರೇ. ಒಂದ್ಸಲ ನಾನೇ ಕೇಳಿಸ್ಕೋತೀನಿ.”

“ನಡೀರಿ,” ಎಂದು ಅಜ್ಜ ಕೋಲೂರಿ ಹಿಂದೆಯೇ ಹೊರಟರು. “ಈ ಸಲ ನಾನು ತುಟಿಪಿಟಕ್ಕನ್ನಲ್ಲ.”