ಇಳಿಸಿ, ಭಾವ

ಸಂಜೆಯ ಮಳೆ ಬಿಡುವಂತೆ ಕಾಣಲಿಲ್ಲ. ಹವ್ಯಾಸಿ ರೇಡಿಯೊ ಲೈಸೆನ್ಸ್ ಪರೀಕ್ಷೆಗೆ ಓದುತ್ತಿದ್ದ ನಾವು ಐವರು ರೇಡಿಯೊ ಕ್ಲಬ್ಬಿನ ಮಹಡಿ ಕೋಣೆಯಲ್ಲಿ ಸಿಕ್ಕಿಬಿದ್ದಿದ್ದೆವು. ಉಪಗ್ರಹದ ಮೂಲಕ ಮಾತಾಡುವಾಗ ಪವರ್ ಯಾಕೆ ಕಡಿಮೆ ಇಡಬೇಕು ಎಂದು ನಾನು ಕೇಳಿದ್ದೇ ತಪ್ಪಾಯಿತು. ಎಲ್ಲರೂ ಮೀಟರ್ ತಾತ ಎಂದು ಕರೆಯುವ ಹಿರಿಯರು ಹೆಡ್‌ಫೋನ್ ಕಳಚಿ ನಮ್ಮತ್ತ ತಿರುಗಿದರು.

“ಪುಸ್ತಕ ಮುಚ್ರಿ, ಹೇಳ್ತೀನಿ. ಮೇಲೆ ಉಪಗ್ರಹದಲ್ಲಿ ಟ್ರಾನ್ಸ್‌ಪಾಂಡರ್ ಇದೆಯಲ್ಲ, ಅದು ಕೆಳಗಿನಿಂದ ಹೋದ ದನಿಗಳನ್ನೆಲ್ಲ ಒಟ್ಟಿಗೆ ಎತ್ಕೊಂಡು, ಬೇರೆ ಫ್ರೀಕ್ವೆನ್ಸಿಗೆ ಬದಲಾಯಿಸಿ, ಆ ಕ್ಷಣವೇ ವಾಪಸ್ ಕಳಿಸುತ್ತೆ. ಕೂಡಿಡೋದು ಅಂತ ಇಲ್ಲವೇ ಇಲ್ಲ... ಇದನ್ನ ನೆನಪಿಟ್ಕೊಳ್ಳಿ. ಅದರ ಶಕ್ತಿ ಇರೋದೇ ಒಂದಿಷ್ಟು, ಎಲ್ಲರೂ ಹಂಚ್ಕೋಬೇಕು. ಒಬ್ಬ ಅಬ್ಬರಿಸಿದ್ರೆ ಉಳಿದವರ ದನಿ ಅಡಗಿಹೋಗುತ್ತೆ. ಹಾಗೆ ಅಬ್ಬರಿಸಿದವನು ನಾನೇ.

“ನನ್ನ ಹೆಂಡತಿಯ ತಮ್ಮ ಬೆಟ್ಟದ ಮೇಲಿನ ಹವಾಮಾನ ಕೇಂದ್ರದಲ್ಲಿ ಒಬ್ಬನೇ ಇದ್ದ. ಉಪಗ್ರಹ ತಲೆ ಮೇಲೆ ಹಾಯೋ ಹದಿನೈದು ನಿಮಿಷ ನಮ್ಮಿಬ್ಬರ ಹರಟೆ. ‘ಪವರ್ ಇಳಿಸಿ ಭಾವ, ನಿಮ್ಮದು ದೊಡ್ಡ ಬಾಯಿ’ ಅಂತ ಯಾವಾಗಲೂ ರೇಗಿಸೋನು. ಇಂಥದೇ ಒಂದು ಮಳೆ ದಿನ... ಹೊಸದಾಗಿ ಆಂಪ್ಲಿಫೈಯರ್ ಕಟ್ಟಿದ್ದೆ. ಅದರ ಜಂಬದಲ್ಲಿ ಪವರ್ ಪೂರ್ತಿ ಏರಿಸಿ ಸಿಕ್ಕಸಿಕ್ಕವರಿಗೆಲ್ಲ ಹಲೋ ಹೇಳ್ತಾ ಕೂತೆ. ನಡುವೆ ನಾನು ಉಸಿರು ತಗೊಳ್ಳೋಕೆ ಮಾತು ನಿಲ್ಲಿಸಿದಾಗ ಸಣ್ಣಗೆ ಕೇಳಿಸ್ತು, ‘ಇಳಿಸಿ ಭಾವ...’ ನಕ್ಕುಬಿಟ್ಟೆ ಕಣ್ರಪ್ಪ! ಹೊಟ್ಟೆಕಿಚ್ಚು ಅಂದ್ಕೊಂಡೆ. ಮರುದಿನ ಜನ ಹತ್ತಿ ಹೋಗಿ ನೋಡಿದ್ರೆ ಗುಡ್ಡ ಕುಸಿದಿದೆ, ಇವನು ಗೋಡೆ ಕೆಳಗಿದ್ದಾನೆ, ಕೈಯಲ್ಲಿ ಮೈಕು ಹಾಗೇ ಇದೆ. ತುಂಬಾ ಹೊತ್ತು ಜೀವ ಇತ್ತು ಅಂದ್ರು ಡಾಕ್ಟರು. ಅವನ ಕೂಗನ್ನ ಅದುಮಿದ್ದು ನಾನು. ನನ್ನ ಹೆಂಡತಿಗೆ ಇದನ್ನ ಇವತ್ತಿಗೂ ಹೇಳಿಲ್ಲ.

“ತಿಂಗಳಾದ ಮೇಲೆ ಬರೀ ರಿಸೀವರ್ ಹಾಕ್ಕೊಂಡು ಕೂತೆ. ಡಯಲ್ಲಿನ ಅದೇ ಜಾಗದಲ್ಲಿ, ಅದೇ ದನಿ... ‘ಇಳಿಸಿ ಭಾವ. ಕಾಲು ಸಿಕ್ಕಿಕೊಂಡಿದೆ.’ ಹಳೇ ದನಿ ಮೇಲೆಲ್ಲೋ ಉಳಿದಿದೆ ಅನ್ನೋಣ ಅಂದ್ರೆ, ಅದು ಏನನ್ನೂ ಕೂಡಿಡಲ್ಲ ಅಂದೆನಲ್ಲ? ಆ ಕ್ಷಣ ಕೆಳಗಿನಿಂದ ಯಾರೋ ಮಾತಾಡಲೇಬೇಕು. ಎಲ್ಲಿಂದ?”

ತಾತ ಗಡಿಯಾರ ನೋಡಿದರು. ಆಮೇಲೆ ನನ್ನ ಕಡೆ ನೋಡಿದರು.

“ಅವನ ಸೆಟ್ಟು ನನ್ನ ಹತ್ತಿರವೇ ಇದೆ. ವೈರಿಲ್ಲ, ಬ್ಯಾಟರಿಯಿಲ್ಲ. ನೀನು ಮೇಲೆ ಕೂತಿದ್ದೀಯಲ್ಲ, ಆ ಪೆಟ್ಟಿಗೆಯೊಳಗೆ. ಉಪಗ್ರಹ ಬರೋಕೆ ಇನ್ನೆರಡು ನಿಮಿಷ... ಕೈ ಇಟ್ಟು ನೋಡು, ಬೆಚ್ಚಗಾಗ್ತಾ ಇದೆಯಾ? ಯಾರೂ ಮೈಕ್ ಮುಟ್ಟಬೇಡಿ. ಇವತ್ತಾದ್ರೂ ಅವನು ಮಾತು ಮುಗಿಸಲಿ.”