ಹೊಸ ಲ್ಯಾಪ್‌ಟಾಪಿನೊಳಗಿನ ಬಿಕ್ಕು

ಮಗು ಈಗಷ್ಟೇ ಮಲಗಿದೆ, ದನಿ ತಗ್ಗಿಸಿಯೇ ಹೇಳುತ್ತೇನೆ... ಇದು ನನ್ನ ದೊಡ್ಡಮ್ಮನ ಮಗಳು ವಂದನಾಗೆ ಆದದ್ದು.

ಸಯನ್‌ನಲ್ಲಿ ನೆಂಟರ ಮನೆಯ ತೊಟ್ಟಿಲ ಕಾರ್ಯ ಮುಗಿಸಿಕೊಂಡು ಅವಳು ಚೆಂಬೂರಿನಲ್ಲಿ ಬಸ್ಸಿಳಿದಾಗ ರಸ್ತೆಯಲ್ಲಿ ನಾಯಿಗಳೂ ಮಲಗಿದ್ದವು. ಗಂಡ ಸಂತು ಮಗಳನ್ನು ಕರೆದುಕೊಂಡು ಮೊದಲೇ ಮನೆ ಸೇರಿದ್ದ. ಕಾಲನಿಯ ಮೂಲೆಗೆ ಒಂದು ಹಳೇ ಬಾವಿ ಇದೆ. ಬಾಯಿಗೆ ಕಬ್ಬಿಣದ ಜಾಲರಿ, ಅದರ ಮೇಲೆ ಪೂಜೆಯ ಬಾಡಿದ ಹೂವಿನ ಪ್ಲಾಸ್ಟಿಕ್ ಚೀಲಗಳು. ಅಲ್ಲಿಗೆ ಬರುವವರೆಗೂ ಅವಳು ಒಳಗೊಳಗೇ ನಗುತ್ತಿದ್ದಳು.

"ಹಿಕ್..."

ಜಾಲರಿಯ ಕಡೆಯಿಂದ.

ಆ ಬಿಕ್ಕು ಅವಳಿಗೆ ಚೆನ್ನಾಗಿ ಗೊತ್ತು. ತೊಟ್ಟಿಲ ಮನೆಯಲ್ಲಿ ಎಲ್ಲರೆದುರು ಅದನ್ನೇ ಮಾಡಿ ತೋರಿಸಿ ಚಪ್ಪಾಳೆ ಗಿಟ್ಟಿಸಿ ಬಂದಿದ್ದಳು.

ತಾಳಿ, ಅದೇನೆಂದು ಹೇಳುತ್ತೇನೆ.

ಜೂನ್‌ನಲ್ಲಿ ಮಗಳ ಶಾಲೆಗೆಂದು ಹೊಸ ಲ್ಯಾಪ್‌ಟಾಪ್ ತಂದಿದ್ದರು. ಸೀಲು ಒಡೆಯದ ಬಾಕ್ಸು. ಆನ್ ಮಾಡಿದರೆ ಒಳಗೆ ಆಗಲೇ ಸಿನಿಮಾಗಳು, ಎಲ್ಲ ಕಳ್ಳ ಕಾಪಿ. ಕಂಪನಿಯಲ್ಲಿ ಯಾವನೋ ತನಗೆಂದು ತುಂಬಿಸಿಕೊಂಡದ್ದು ಅಳಿಸದೆ ಹಾಗೇ ಬಂದಿತ್ತು. ವಾಪಸ್ ಕೊಡೋಣ ಎಂದಳಂತೆ ವಂದನಾ. ಸಂತು ಫುಕಟ್ ಸಿಕ್ಕರೆ ಫಿನಾಯಿಲನ್ನೂ ಬಿಡದ ಮನುಷ್ಯ. "ದೇವರು ಕೊಟ್ಟಾನ, ಸುಮ್ನ ಕುಂತು ನೋಡು" ಎಂದ.

ಸಿನಿಮಾಗಳ ಪಕ್ಕದಲ್ಲಿ ಬರೀ ಧ್ವನಿಯ ಒಂದು ಫೈಲು. ಒತ್ತಿದರೆ ನಮ್ಮ ವಿಜಯಪುರದ ಕಡೆಯ ಹೆಂಗಸು ಮಾತಾಡುತ್ತಿದ್ದಳು.

"ವಿನೋದಿನಿ ಮೇಡಮ್ಮಾರ, ನಾ ಹನುಮವ್ವರಿ... ನನಗ ಬರಿಯಾಕ ಬರಂಗಿಲ್ಲ, ಅದಕ್ಕ ಇದ್ರಾಗ ಹೇಳಾಕತ್ತೀನ್ರಿ. ಗೇಟಿನ್ಯಾಗ ತಪಾಸಣಿ ಅಂತ ಆ ಸೂಪರ್‌ವೈಜರ್ ಮೈಮ್ಯಾಲ ಕೈ... ಹಿಕ್... ಇದನ್ನ ನೀವೊಬ್ರ ಕೇಳ್ರಿ. ಬ್ಯಾರೆ ಯಾರಿಗೂ ಕೇಳಸಬ್ಯಾಡ್ರಿ."

ಹಿಂದೆ ಫ್ಯಾನು. ಕಟ-ಕಟ... ಕಟ-ಕಟ...

ವಂದನಾ ನಕಲು ಮಾಡುವುದರಲ್ಲಿ ಎತ್ತಿದ ಕೈ. ನಮ್ಮತ್ತೆಯ ಕೆಮ್ಮನ್ನು ನಮ್ಮತ್ತೆಗಿಂತ ಚೆನ್ನಾಗಿ ಕೆಮ್ಮುತ್ತಾಳೆ. ಒಂದು ಸಲ ಆ ಬಿಕ್ಕು ಮಾಡಿ ತೋರಿಸಿದಳು, ಸಂತು ಬಿದ್ದು ಬಿದ್ದು ನಕ್ಕ. ಆಮೇಲೆ ನೆಂಟರು ಬಂದಾಗಲೆಲ್ಲ ಚಹಾದ ಜೊತೆ ಅದೇ. ಮೊದಲು ಸಂತು ಫೈಲು ಕೇಳಿಸುವುದು, ಆಮೇಲೆ ಇವಳ ನಕಲು. ನಾನು ಆಗ ಹೆರಿಗೆಗೆ ಧಾರವಾಡದಲ್ಲಿದ್ದೆ. ಇಲ್ಲಿದ್ದಿದ್ದರೆ ನಾನೂ ನಗುತ್ತಿದ್ದೆ, ನನಗೇನು ಕೋಡಿಲ್ಲ.

ಈಗ ಬಾವಿ.

"ಹಿಕ್..." ಮತ್ತೆ. ಅದರ ಹಿಂದೆಯೇ ಕಟ-ಕಟ... ಕಟ-ಕಟ... ಬಯಲಿನಲ್ಲಿ ಎಲ್ಲಿಯ ಫ್ಯಾನು?

"ಯಾರ್ ಯಾರ ಕೇಳಿದ್ರಿ, ಯವ್ವಾ?"

ವಂದನಾಳ ಬಾಯಿಗೆ ಸುಳ್ಳು ತಾನಾಗಿಯೇ ಬಂತು. "ನಾ ಒಬ್ಬಾಕೆನ."

ಕಟ-ಕಟ... ಕಟ-ಕಟ...

"ಹಂಗಾದ್ರ ನಕ್ಕವ್ರು ಯಾರು?"

"ತಪ್ಪಾತವ್ವಾ..."

ಫ್ಯಾನು ನಿಂತಿತು.

"ಓಡಾಕ ಹೆದರಿಕಿ ಬೇಕಲೇ," ಎಂದಳು ವಂದನಾ ನನಗೆ. "ನನಗ ಆಗಿದ್ದು ನಾಚಿಕಿ."

ಬೆಳಗಾಗುತ್ತಲೇ ಲ್ಯಾಪ್‌ಟಾಪನ್ನು ಬಾಕ್ಸಿಗೆ ಹಾಕಿದಳು. ಆ ಫೈಲನ್ನು ಮುಟ್ಟಲಿಲ್ಲ. "ಸಿನಿಮಾನಾದ್ರೂ ಪೆನ್‌ಡ್ರೈವಿಗೆ ಹಾಕ್ಕೋತೀನಿ ತಡಿ" ಎಂದ ಸಂತು. ಅವಳು ನೋಡಿದ ನೋಟಕ್ಕೆ ಅವನೂ ಚಪ್ಪಲಿ ಮೆಟ್ಟಿಕೊಂಡು ಹೊರಟ. ಬಾಕ್ಸಿನ ಮೇಲೆ ಕಾಂದಿವಲಿಯ ಫ್ಯಾಕ್ಟರಿಯ ವಿಳಾಸವಿತ್ತು.

ಅಲ್ಲಿ ವಿಚಾರಿಸಿದಾಗ ಸಿಕ್ಕ ವಿನೋದಿನಿ ಮೇಡಮ್ ಉಡುಪಿ ಕಡೆಯವರು, ಹೆಂಗಸರ ದೂರು ಕೇಳಲು ಕಂಪನಿ ಇಟ್ಟವರು. ಹನುಮವ್ವನ ಹೆಸರು ಕೇಳುತ್ತಲೇ ಕುರ್ಚಿಯಲ್ಲಿ ನೆಟ್ಟಗೆ ಕೂತರು.

"ಅವಳು ಕಳೆದ ದೀಪಾವಳಿಗೇ ತೀರಿಕೊಂಡಳಲ್ಲ ಮಾರಾಯ್ರೇ. ಆಫೀಸಿನ ಲ್ಯಾಪ್‌ಟಾಪಿನಲ್ಲಿ ದೂರು ರೆಕಾರ್ಡ್ ಮಾಡಿಟ್ಟಿದ್ದೇನೆ ಅಂದಿದ್ದಳು. ನೋಡಿದರೆ ಆ ಲ್ಯಾಪ್‌ಟಾಪೇ ಕಾಣೆ! ಹೊಸ ಮಾಲಿನ ಜೊತೆ ಬಾಕ್ಸಿಗೆ ಸೇರಿ ಹೋಯ್ತಾ ಇದು? ದೂರೇ ಇಲ್ಲ ಅಂತ ಆ ಮನುಷ್ಯನನ್ನು ಬಿಟ್ಟುಬಿಟ್ಟರು. ಈಗಲೂ ಗೇಟಿನಲ್ಲೇ ಇದ್ದಾನೆ."

ವಂದನಾ ಲ್ಯಾಪ್‌ಟಾಪ್ ತೆರೆದು ಆ ಫೈಲು ತೋರಿಸಿದಳು. ತನ್ನ ಮನೆಯಲ್ಲಿ ಚಹಾದ ಜೊತೆ ಎಲ್ಲರೂ ಕೇಳಿದ್ದನ್ನು ಕೇಳಬೇಕಾದವರು ಒಬ್ಬರೇ ಕೇಳಿರಲಿಲ್ಲ.

ಮೇಡಮ್ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಕಣ್ಣು ಮುಚ್ಚಿ, ಪೂರ್ತಿ ಕೇಳಿದರು. ಕಣ್ಣೊರೆಸಿಕೊಂಡರು. ಆಮೇಲೆ ವಂದನಾಳ ಮುಖವನ್ನೇ ನೋಡಿದರು.

"ಇದು ಕಳೆದ ದಸರಾದ್ದು, ತಾರೀಕು ಇಲ್ಲೇ ಉಂಟು. ಕೊನೆಯಲ್ಲಿ ಇನ್ನೊಬ್ಬಳು 'ನಾ ಒಬ್ಬಾಕೆನ' ಅಂತಾಳೆ. ಆಮೇಲೆ 'ತಪ್ಪಾತವ್ವಾ' ಅಂತಾಳೆ. ನಿಮ್ಮದೇ ಧ್ವನಿ ಅಲ್ವಾ? ಅವತ್ತು ನೀವೂ ಅವಳ ಜೊತೆ ಇದ್ರಾ?"

ನಂಬದಿದ್ದರೆ ಬಿಡಿ. ಆದರೆ ಸಂತು ಅಲ್ಲೇ ಪಕ್ಕದಲ್ಲಿ ನಿಂತಿದ್ದ. ಬೇರೆ ಎಲ್ಲದಕ್ಕೂ ಸುಳ್ಳು ಹೇಳಿಯಾನು, ಇದಕ್ಕೆ ಮಾತ್ರ ಮಗಳ ತಲೆ ಮೇಲೆ ಕೈಯಿಟ್ಟು ಹೇಳುತ್ತಾನೆ. ಮನೆಗೆ ಬಂದವರಿಗೆಲ್ಲ ಆ ಫೈಲನ್ನು ಕೊನೆಯವರೆಗೂ ಕೇಳಿಸಿದವನು ಅವನೇ. ಅದರ ಕೊನೆಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಏನೂ ಇರಲಿಲ್ಲ.