ಭಟ್ರ ಹಲ್ಲಿಗೆ ಬೂತಾಯಿ ವಾಸನೆ

…ಅಲ್ಲ ಮಾರಾಯ್ತಿ, ಆ ಕೇಬಲನ್ನು ಹಾಗೆ ಮೊಣಕೈ ಮಡಚಿದ ಹಾಗೆ ಮಡಚ್ಬೇಡ, ಒಳಗೆ ತಂತಿ ತಿರುಗ್ತಾ ಉಂಟಲ್ವಾ, ಬಿಸಿಯಾಗಿ ತುಂಡಾಗ್ತದೆ. ಮೋಟಾರನ್ನು ಮೇಲೆ ಕೊಕ್ಕೆಗೆ ಸಿಕ್ಕಿಸು, ಕೇಬಲ್ ಸಡಿಲವಾಗಿ ಇಳೀಲಿ. ನಿನ್ನ ಮಾಲೆಯ ಕಡಲ ಚಿಪ್ಪಿಗೆ ತೂತು ಮಾಡುದು ಆಮೇಲೆ. ಅಜ್ಜಿಗೆ ಇದೆಲ್ಲ ಹೇಗೆ ಗೊತ್ತೂಂತ ನಗ್ತೀಯಾ? ನನ್ನ ಮೊದಲ ಕೆಲಸವೇ ಇದು ಮಗಾ. ಎಪ್ಪತ್ತೈದರ ಸುಮಾರಿಗೆ, ಮಣಿಪಾಲದಲ್ಲಿ ಲಾರೆನ್ಸ್ ಸರ್ ಅಂತ ಒಬ್ರು ಹಲ್ಲಿಲ್ಲದವರಿಗೆ ಹಲ್ಲಿನ ಸೆಟ್ಟು ಮಾಡ್ತಿದ್ರು, ಅವರ ಹತ್ರ ಇಂಥದ್ದೇ ಮಿಷಿನಿನಲ್ಲಿ ಸೆಟ್ಟು ಉಜ್ಜಿ ನಯ ಮಾಡುದು. ಸೀಮೆಎಣ್ಣೆಗೆ ಸಾಲು ನಿಲ್ತಿದ್ದ ಕಾಲ. ಕಾಪು ಕಡಲ ಬದಿಯ ನಮ್ಮ ಮನೆಯಲ್ಲಿ ಅಪ್ಪನಿಗೆ ಮೀನು ಸಿಕ್ಕಿದ್ರೆ ಊಟ, ಇಲ್ಲದಿದ್ರೆ ಗಂಜಿ, ನಾನು ಅಮ್ಮ ಇಬ್ರೂ ಗೆರಸೆ ಮಡಿಲಲ್ಲಿಟ್ಟು ಬೀಡಿ ಕಟ್ಟುದು. ನಂಗೆ ಆ ಬೀಡಿ ಎಲೆ ಕಂಡ್ರೇ ಆಗ್ತಿರ್ಲಿಲ್ಲ. ಲಾರೆನ್ಸ್ ಸರ್ ಹೇಳಿದ್ರು, "ಒಂದು ತಿಂಗಳು ನೋಡುವ ಜಲಜಾ, ಕೈ ಕೂತ್ರೆ ಕೆಲಸ." ಅಪ್ಪ ಹೇಳಿದ್ರು, "ಮಿಷಿನು ಹೆಣ್ಣುಮಕ್ಕಳಿಗೆ ಆಗುದಲ್ಲ, ತಿಂಗಳು ಕಳೆದು ಗೆರಸೆಗೇ ಬರ್ತೀ." ನೋಡುವ, ಅಂತ ನಾನು.

ಸರ್ ಅವರ ನಿಯಮ ಒಂದೆರಡಲ್ಲ. ಜಡೆಯನ್ನು ತುರುಬು ಕಟ್ಬೇಕು, ಸೆರಗು ಸೊಂಟಕ್ಕೆ ಸಿಕ್ಕಿಸ್ಬೇಕು, ಮಲ್ಲಿಗೆ ಮುಡಿದಿದ್ರೆ ತೆಗೆದು ಲೋಟದ ನೀರಿನಲ್ಲಿ ಇಡ್ಬೇಕು, ಕಣ್ಣಿಗೆ ಕನ್ನಡಕ, ಮೂಗಿಗೆ ಬಟ್ಟೆ. ಹಿಡಿಕೆಯ ತುದಿಯ ಉಜ್ಜುವ ಕಲ್ಲು ಬದಲಿಸುವ ಮೊದ್ಲು ಪ್ಲಗ್ ತೆಗೆಯುದು. ಪೆಡಲನ್ನು ಮೆಲ್ಲ ಒತ್ತುದು, ಮಲಗಿದ ಮಗುವಿನ ತೊಟ್ಟಿಲು ತೂಗಿದ ಹಾಗೆ. ಎಲ್ಲ ಮಾಡಿದೆ. ಮೂರನೇ ವಾರ, ಅಲ್ಲ ನಾಲ್ಕನೇ ವಾರ, ಕೇಬಲ್ ಒಳಗೆ ಕಿರಕಿರ ಶುರುವಾಯ್ತು. ಸರ್ ಮಂಗಳೂರಿಗೆ ಹೋಗಿದ್ರು, ಬರುದು ಮರುದಿನ ಮಧ್ಯಾಹ್ನ. ನಾನು ಬುದ್ಧಿವಂತೆ ಅಲ್ವಾ? ಅಪ್ಪ ದೋಣಿಗೆ ಬಳಿಯುವ ಮೀನೆಣ್ಣೆ ಮನೆಯಲ್ಲಿ ಡಬ್ಬದಲ್ಲಿ ಉಂಟು, ಉಪ್ಪುನೀರಿನಲ್ಲಿ ಮರವನ್ನೇ ಕಾಯುವ ಎಣ್ಣೆ, ಈ ತಂತಿ ಯಾವ ಲೆಕ್ಕ? ಮರುದಿನ ಬೆಳಿಗ್ಗೆ ಔಷಧದ ಬಾಟ್ಲಿಯಲ್ಲಿ ತುಂಬಿಸಿ ತಂದು ಕೇಬಲ್ ಒಳಗೆ ಸುರಿದೆ. ಹಾಕಿದ್ದಲ್ಲ, ಸುರಿದದ್ದು. ಮಿಷಿನು ಬೆಕ್ಕಿನ ಹಾಗೆ ಸುಮ್ಮನಾಯ್ತು. ನಂಗೆ ಕುಣಿಯುವಷ್ಟು ಖುಷಿ, ಆ ಖುಷಿಯಲ್ಲೇ ಸೀತಾರಾಮ ಭಟ್ರ ಸೆಟ್ಟು ಉಜ್ಜಿ ಮುಗಿಸಿದೆ. ಉಡುಪಿಯ ದೊಡ್ಡ ಅಡುಗೆ ಭಟ್ರು ಅವರು, ಆದಿತ್ಯವಾರ ಒಂದು ಮದುವೆಯ ಅಡುಗೆ ಒಪ್ಪಿಕೊಂಡಿದ್ರು. ಎಣ್ಣೆ ಬಿಸಿಯಾಗಿ ಹಿಡಿಕೆಯಿಂದ ಹಲ್ಲಿನ ಮೇಲೆ ತೊಟ್ಟಿಕ್ಕಿತು, ನಾನು ಒರೆಸಿ ಸೋಪಿನಲ್ಲಿ ತೊಳೆದೆ. ವಾಸನೆ? ಕಡಲ ಬದಿಯವಳಿಗೆ ಅದು ವಾಸನೆಯೇ ಅಲ್ಲ ಮಗಾ, ಅದು ಮನೆ.

ಮಧ್ಯಾಹ್ನ ಸರ್ ಬಂದ್ರು, ಹಿಂದೆಯೇ ಭಟ್ರು ಬಂದ್ರು, ಸೆಟ್ಟು ಬಾಯಿಗೆ ಹಾಕಿದ್ರು. ಮುಖ ಒಮ್ಮೆ ಹುಣಸೆಹುಳಿ. ಮೆಲ್ಲ ತೆಗೆದು ಅಂಗೈಯಲ್ಲಿ ಇಟ್ಟು, "ಲಾರೆನ್ಸ್ ಪೊರ್ಬುಗಳೇ, ಹಲ್ಲು ಸರಿಯಾಗಿ ಕೂರ್ತದೆ. ಆದ್ರೆ ಬೂತಾಯಿ ಮೀನಿನ ವಾಸನೆ ಬರ್ತಾ ಉಂಟಲ್ಲ?" ಸರ್‌ಗೂ ನಗು ತಡೀಲಿಲ್ಲ, "ಭಟ್ರೇ, ನಿಮಗೆ ಬೂತಾಯಿ ವಾಸನೆ ಹೇಗೆ ಗೊತ್ತು?" "ಇಪ್ಪತ್ತು ವರ್ಷ ಮಲ್ಪೆ ಬಸ್ಸಿನಲ್ಲಿ ಮೀನಿನ ಬುಟ್ಟಿಯ ಪಕ್ಕ ಕೂತವ ನಾನು, ಬೂತಾಯಿ ಯಾವುದು, ಬಂಗುಡೆ ಯಾವುದು ಅಂತ ಕಣ್ಣು ಮುಚ್ಚಿ ಹೇಳ್ತೇನೆ. ಆದಿತ್ಯವಾರ ಸಾರಿನ ರುಚಿ ನಾನು ಇದರಲ್ಲಿ ನೋಡುದಾ?"

 ಸರ್ ಆ ತಿಂಗಳು ತಂದ, ಸೆಟ್ಟು ಎರೆಯುವ ಹೊಸ ಪುಡಿಯ ಡಬ್ಬವನ್ನು ಮೂಸಿ ಮೂಸಿ, "ಈ ಅಂಗಡಿಯವನೇ ಮೋಸ ಮಾಡಿದ್ದು, ಎಲ್ಲ ವಾಪಸ್ ಕಳಿಸ್ತೇನೆ," ಅಂತ ಹೊರಟ್ರು. ಸುಮ್ಮನಿದ್ರೆ ನಾನು ಪಾರು, ತಿಂಗಳಿಗೆ ಇನ್ನು ಮೂರೇ ದಿನ. ಗೆರಸೆ ಕಣ್ಣ ಮುಂದೆ ಬಂತು. ಆದ್ರೂ ಆ ಅಂಗಡಿಯವನು ಎಂತ ಮಾಡಿದ್ದಾನೆ, ಪಾಪ? "ಸರ್, ಮೀನೆಣ್ಣೆ ನಾನು ಹಾಕಿದ್ದು. ಕೇಬಲಿಗೆ," ಅಂದೆ. ಅಳು ಬಂತು. ಭಟ್ರಿಗೆ ನೋಡು, ನಗು ಬಂತು. ಹಲ್ಲಿಲ್ಲದ ಬಾಯಲ್ಲಿ ಹೊಟ್ಟೆ ಹಿಡ್ಕೊಂಡು ನಕ್ಕು ಬೆಂಚಿನಲ್ಲೇ ಕೂತುಬಿಟ್ರು. ಸರ್ ನಗ್ಲಿಲ್ಲ. ಪ್ಲಗ್ ತೆಗೆದ್ರು, ಕೇಬಲ್ ಬಿಚ್ಚಿ ತಂತಿ ಹೊರಗೆಳೆದು ನನ್ನ ಕೈಯಲ್ಲೇ ಒರೆಸಿಸಿದ್ರು, ಬೆರಳ ತುದಿಯಷ್ಟು ಗ್ರೀಸ್ ತೆಗೆದು ತೆಳುವಾಗಿ ಸವರಿ ತೋರಿಸಿದ್ರು. "ಇಷ್ಟೇ. ಜಾಸ್ತಿಯಾದ್ರೆ ಕೆಳಗೆ ಇಳಿದು ಹಿಡಿಕೆ ಹಾಳು, ಹಲ್ಲೂ ಹಾಳು. ಇನ್ನು ಭಟ್ರಿಗೆ ಹೊಸ ಸೆಟ್ಟು ಶನಿವಾರಕ್ಕೆ ಆಗ್ಬೇಕು, ಉಜ್ಜುದು ನೀನೇ." ನಾನು ಕೇಳಿದೆ, "ಹಾಗಾದ್ರೆ ಸರ್, ತಿಂಗಳು ಕಳೆದು?" "ತಿಂಗಳು ಕಳೆದು ಮುಂದಿನ ತಿಂಗಳು ಬರ್ತದೆ. ಸೆರಗು ಸಿಕ್ಕಿಸು, ಕೆಲಸ ನೋಡು." ಅಲ್ಲಿಂದ ಹನ್ನೊಂದು ವರ್ಷ ಅದೇ ಮೋಟಾರು ನನ್ನ ತಲೆ ಮೇಲೆ ನೇತಾಡಿತು. ತಪ್ಪು ಮಾಡಿದ್ರೆ ಅದು ನಾರುವ ಮೊದ್ಲೇ ಹೇಳಿಬಿಡ್ಬೇಕು ಮಗಾ, ಅಷ್ಟೇ.